ಕೂಗದೆ ಬಂದ ದೋಣಿ

ತಿರುಮಕೂಡಲಿನ ಸಂಗಮದಲ್ಲಿ ಚಲುವಯ್ಯನ ಮೋಟಾರು ದೋಣಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಊಂ ಎಂದು ಮೂಗಿನಲ್ಲಿ ರಾಗ ಎಳೆದ ಹಾಗೆ ಒಂದು ಕೂಗು. ಅದು ದೋಣಿಯ ಹಿಂಬದಿಯ ಗೇರುಪೆಟ್ಟಿಗೆಯದು, ಕೃಷ್ಣಕುಮಾರ ಜೋಡಿಸಿದ್ದು. ಅವನು ಎದೆನೋವಿನಿಂದ ಹೋಗಿ ವರ್ಷವಾಗಿತ್ತು. ದೋಣಿ ಮಾತ್ರ ಕೂಗುತ್ತಲೇ ಇತ್ತು. ಅವನ ತಾಯಿ ಕೆಂಪಾಜಮ್ಮ ದಿನಾ ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತು, ಆ ಕೂಗು ಕೇಳಿದ ಮೇಲೇ ಏಳುತ್ತಿದ್ದಳು. "ಬಂದ ಕಣವ್ವ, ಎಸರಿಡು" ಎಂದು ಸೊಸೆಗೆ ಹೇಳುತ್ತಿದ್ದಳು. ಮುದುಕಿಗೆ ಅರಳುಮರಳು ಎಂದು ಊರು ನಗುತ್ತಿತ್ತು. ನಗುವವರಿಗೇನು, ಎಸರಿಡುವವಳು ರಾಣಿ. ನಿಜ ಹೇಳಬೇಕೆಂದರೆ, ಆ ಕೂಗಿಗೆ ಅವಳ ಕೈಯೂ ತಾನಾಗಿ ಒಲೆಯ ಕಡೆ ಹೋಗುತ್ತಿತ್ತು.

ನಂಜನಗೂಡಿನಲ್ಲಿದ್ದ ಗಂಡನ ವರ್ಕ್‌ಶಾಪನ್ನು ಈಗ ನಡೆಸುತ್ತಿದ್ದವಳೂ ರಾಣಿಯೇ. ಕಬಿನಿ ಅಣೆಕಟ್ಟೆಯಿಂದ ನೀರು ಬಿಡುವ ಕಾಲ ಹತ್ತಿರವಾದಾಗ ಚಲುವಯ್ಯ ಗೇರುಪೆಟ್ಟಿಗೆ ಬಿಚ್ಚಿ ಹೊತ್ತು ತಂದ.

"ಎಣ್ಣೇಲಿ ಕಬ್ಬಿಣದ ಚೂರು ಬತ್ತಾದೆ ಕಣವ್ವ. ನೆರೆ ಬಂದ್ರೆ ಇದ್ರಲ್ಲೇ ಜನ ಸಾಗುಸ್ಬೇಕು. ನಡುನೀರಲ್ಲಿ ಕೈಕೊಟ್ರೆ?"

ರಾಣಿ ಬಿಚ್ಚಿದಳು. ಕೃಷ್ಣಕುಮಾರನದು ಟ್ರ್ಯಾಕ್ಟರು ರಿಪೇರಿಯ ಕೈ. ಗೇರನ್ನು ಹಿಡಿದು ಅಲ್ಲಾಡಿಸಿ, ಹಲ್ಲುಗಳ ನಡುವೆ ಬೆರಳಿಗೆ ಸಿಕ್ಕ ಸಡಿಲದ ಆಟ ನೋಡಿ, ಸಾಕು ಎನ್ನುವವನು. ಗೇರಿನ ಅಡಿಗೆ ತೆಳು ತಗಡಿನ ಬಿಲ್ಲೆ ಕೊಟ್ಟು ಎತ್ತರ ಹೊಂದಿಸಬೇಕು. ಅವನು ಕೊಟ್ಟಿದ್ದ ಬಿಲ್ಲೆ ಹೊರಬಂದಾಗ ಅವಳ ಕೈ ನಿಂತಿತು. ಅದರ ಮೇಲೆ ಗುಲಾಬಿಯ ಅರ್ಧ ದಳ ಮಾಸಲಾಗಿ ಉಳಿದಿತ್ತು. ಅವಳದೇ ಪೌಡರ್ ಡಬ್ಬದ ತಗಡು! ಅವಳು ಮನೆಯೆಲ್ಲ ತಡಕಾಡಿ ಬೈಯುತ್ತಿದ್ದರೆ, ಏನೂ ಅರಿಯದವನಂತೆ ತಾನೂ ಹುಡುಕಿದ್ದ ಕಳ್ಳ. ರಾಣಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಇದನ್ನೇ ಮತ್ತೆ ಹಾಕಿಬಿಡಲೇ ಎಂದು ಮನಸ್ಸು ಕೇಳಿತು. ಬಿಲ್ಲೆಯ ಎತ್ತರ ತಪ್ಪಿ ಹಲ್ಲಿಗೆ ಹಲ್ಲು ಉಜ್ಜುವುದೇ ಆ ಕೂಗು. ಹಾಕಿದರೆ ಕೂಗು ಉಳಿಯುತ್ತದೆ. ದೋಣಿ ಹತ್ತಿದವರು ಉಳಿಯುತ್ತಾರೋ ಇಲ್ಲವೋ.

ಕೊಚ್ಚಿಯಿಂದ ಹೊಸ ಗೇರನ್ನೂ ಅದನ್ನು ಕೂರಿಸುವ ಅಳತೆಯ ಸಾಮಾನನ್ನೂ ತರಿಸಿದಳು. ಎತ್ತರವನ್ನು ಗೇಜಿನಲ್ಲಿ ನೋಡಿ, ಡಯಲಿನ ಮುಳ್ಳು ಒಪ್ಪಿದಷ್ಟೇ ಆಟ ಬಿಟ್ಟಳು. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಬಣ್ಣ ಬಳಿದು ತಿರುಗಿಸಿದರೆ ಗುರುತು ಅಂಚಿಗೆ ಬಿತ್ತು. ಬಿಚ್ಚಿ, ಬಿಲ್ಲೆ ಬದಲಿಸಿ, ಮತ್ತೆ ಕೂರಿಸಿದಳು. ಪ್ರತಿ ಸಲವೂ ಬೆನ್ನ ಹಿಂದೆ ಯಾರೋ ನಿಂತು "ಸಾಕು ಬುಡಮ್ಮಿ" ಎಂದಂತಾಗುತ್ತಿತ್ತು.

"ಸಾಕಾಗಾಕಿಲ್ಲ" ಎಂದಳು ಗಟ್ಟಿಯಾಗಿ, ಖಾಲಿ ವರ್ಕ್‌ಶಾಪಿನಲ್ಲಿ. ಕಡೆಗೆ ಗುರುತು ಹಲ್ಲಿನ ನಡುವಿಗೆ ಬಂತು.

ದೋಣಿ ಮತ್ತೆ ನೀರಿಗಿಳಿದ ಸಂಜೆ ಚಲುವಯ್ಯ ಹೊಳೆಗೆ ಒಂದು ಸುತ್ತು ಹಾಕಿ ಬಂದು ಮೆಟ್ಟಿಲಿಗೆ ಹಗ್ಗ ಕಟ್ಟಿದ. "ಉಸುರೇ ಇಲ್ಲ ನೋಡವ್ವ! ಬೆಣ್ಣೆ ಅಂಗೆ ಓಯ್ತದೆ" ಎಂದು ಹಿಗ್ಗಿನಿಂದ ಹೇಳಿ ಮನೆಗೆ ಹೋದ.

ಕೆಂಪಾಜಮ್ಮ ಏಳಲಿಲ್ಲ.

"ದೋಣಿ ಬಂತಲ್ಲ ಅತ್ತೆ, ಏಳಿ."

"ಇದ್ಯಾರ್ದೋ ಬ್ಯಾರೆ ಕಣವ್ವ. ನಮ್ಮೋನು ಕೂಗ್ತಾ ಬತ್ತಾನೆ."

ರಾಣಿ ಸೆರಗಿನ ಗಂಟಿನಲ್ಲಿದ್ದ ಗುಲಾಬಿಯ ತಗಡನ್ನು ಹಿಡಿದುಕೊಂಡು ಅತ್ತೆಯ ಪಕ್ಕ ಕೂತಳು. ಹೊತ್ತು ಮುಳುಗಿತು. ಆಚೆ ದಡ ಕಾಣದಾಯಿತು. ಮುದುಕಿ ಸೊಸೆಯ ಮೊಣಕಾಲ ಮೇಲೆ ಕೈಯಿಟ್ಟಳು.

"ನಿಂಗೇನಾರ ಕೇಳುಸ್ತಾ?"

"ಇನ್ನೂ ಇಲ್ಲ ಅತ್ತೆ" ಎಂದಳು ರಾಣಿ.