ಮುಖಕ್ಕೆ ಹಚ್ಚಿದ್ದು

ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡುವುದಿಲ್ಲ, ಬಣ್ಣ ನೋಡುತ್ತಾರೆ. ದಾವಣಗೆರೆ ಹಳೇಪೇಟೆಯ ಮೈಲಪ್ಪನ ಮನೆಗೆ ಆಗಲೇ ಎರಡು ಕಡೆಯವರು ಬಂದು, ಚಾಪೆಯ ಮೇಲೆ ಕುಳಿತು, ಮಂಡಕ್ಕಿ ಮೆಣಸಿನಕಾಯಿ ತಿಂದು, ಅವನ ತಂಗಿ ನಾಗರತ್ನಳ ಕೈಯಿಂದ ಚಾ ಇಸಿದುಕೊಂಡು ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದು ಹೋಗಿದ್ದರು. ತಿಳಿಸಿದ್ದು ಬೇರೆಯವರ ಬಾಯಿಂದ. ಹುಡುಗಿ ಕಪ್ಪಂತೆ. ಚಾ ಮಾತ್ರ ಯಾವ ಬಣ್ಣದ್ದಾದರೂ ಅವರಿಗೆ ನಡೆಯುತ್ತಿತ್ತು.

ಮೂರನೆಯವರು ಹರಿಹರದವರು. ಹುಡುಗ ಹನುಮಂತಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇವನ ವಿಷಯದಲ್ಲಿ ನಾಗರತ್ನ ಮೊದಲೇ ಸೋತಿದ್ದಳು. ಹಿಂದೊಂದು ಅಮಾವಾಸ್ಯೆಗೆ ಅಜ್ಜಿ ದುರುಗವ್ವನ ಜೊತೆ ಉಕ್ಕಡಗಾತ್ರಿಯ ಗುಡಿಗೆ ಹೋಗುವಾಗ ಹರಿಹರದಲ್ಲಿ ಹತ್ತಿದ ಬಸ್ಸಿನಲ್ಲಿ ಅವನು ಅಜ್ಜಿಗೆ ಸೀಟು ಬಿಟ್ಟುಕೊಟ್ಟಿದ್ದ. ಅಜ್ಜಿ ಆ ಉಪಕಾರಕ್ಕೆ ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ವಾಂತಿ ಮಾಡಿದಳು. "ಇರಲಿ ಬಿಡ್ರಿ ಅಜ್ಜಿ, ತೊಳೆದ್ರೆ ಹೋಗತೈತೆ" ಎಂದು ಅವನು ನಕ್ಕಿದ್ದ. ಹೀಗೆ ನಗುವ ಗಂಡಸಿನ ಜೊತೆ ಬಾಳುವುದು ಕಷ್ಟವಲ್ಲ ಎಂದು ನಾಗರತ್ನಳಿಗೆ ಅಂದೇ ಅನ್ನಿಸಿತ್ತು. ಅತ್ತಿಗೆ ಹೊನ್ನಕ್ಕನ ತವರು ಹರಿಹರ. ಆ ಕಡೆಯಿಂದಲೇ ಇದೇ ಹುಡುಗನ ಸಂಬಂಧ ಫೋಟೋ ಸಮೇತ ಬಂದಾಗ ನಾಗರತ್ನಳಿಗೆ ಊಟ ಸೇರಲಿಲ್ಲ. ಇವನೂ ಕಪ್ಪು ಎಂದು ಎದ್ದು ಹೋದರೆ ತಾನು ತಡೆದುಕೊಳ್ಳಲಾರೆ ಎಂದು ಹೆದರಿದಳು.

ಹೊನ್ನಕ್ಕ ಸೊಂಟ ಕಟ್ಟಿ ನಿಂತಳು. ಮಂಡಿಪೇಟೆಯ ಗೌಸ್ ಪೀರ್ ಸಾಬರ ಅಂಗಡಿಯಿಂದ ಮುಲ್ತಾನಿ ಮಣ್ಣು ಬಂತು. ವಾರಕ್ಕೊಮ್ಮೆ ಹೆಸರುಹಿಟ್ಟಿಗೆ ಚೂರೇ ಚೂರು ಅಕ್ಕಿ ತರಿ ಬೆರೆಸಿ, ಹಾಲಿನಲ್ಲಿ ಕಲಸಿ ಮುಖ ತಿಕ್ಕಬೇಕು. ಆಮೇಲೆ ಮೊಸರಿನಲ್ಲಿ ನೆನೆಸಿದ ಮಣ್ಣು ಹಚ್ಚಿ, ಒಣಗುವ ತನಕ ನೆರಳಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಬಾಯಿ ಬಿಟ್ಟರೆ ಮಣ್ಣು ಬಿರಿಯುತ್ತದೆ. ನಾಗರತ್ನ ಸುಮ್ಮನೆ ಕೂತಿದ್ದನ್ನು ಆ ಮನೆ ಕಂಡಿದ್ದು ಆಗ ಮಾತ್ರ.

"ಮೆತ್ತಗೆ ತಿಕ್ಕೇ, ಅದು ಮುಖ, ತಾಮ್ರದ ಹಂಡೆ ಅಲ್ಲ" ಎಂದು ಹೊನ್ನಕ್ಕ ಬೈಯುತ್ತಿದ್ದಳು. "ನಿಂಬೆಹಣ್ಣು ಹಚ್ಚಲೇನು ಅತ್ತಿಗೆ, ಬೇಗ ಬೆಳ್ಳಗಾಗತೈತಂತೆ" ಎಂದು ಕೇಳಿದಾಗ, "ಮುಟ್ಟಿದ್ರೆ ಕೈ ಮುರೀತೀನಿ" ಎಂದಿದ್ದಳು.

ಮುಖಕ್ಕೆ ಒಂದು ಹೊಳಪು ಬಂದದ್ದು ನಿಜ. ಆದರೆ ಹೊಳಪು ಬೇರೆ, ಬಿಳುಪು ಬೇರೆ. ಹರಿಹರದವರು ಭಾನುವಾರ ಬರುವವರಿದ್ದರು. ಶನಿವಾರ ಮಧ್ಯಾಹ್ನ ಹೊನ್ನಕ್ಕ ಜ್ವರ ಬಂದ ತನ್ನ ಕೂಸು ಸುಂಕಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಾಗ, ನಾಗರತ್ನ ಬಾಗಿಲು ಹಾಕಿಕೊಂಡಳು. ಬರೀ ಅಕ್ಕಿ ತರಿಯಲ್ಲಿ ಮುಖ ಉರಿಯುವ ತನಕ ತಿಕ್ಕಿದಳು. ಎರಡು ನಿಂಬೆಹಣ್ಣು ಹಿಂಡಿ, ಆ ರಸದಲ್ಲೇ ಮಣ್ಣು ಕಲಸಿ ದಪ್ಪಗೆ ಮೆತ್ತಿಕೊಂಡು, ಬೇಗ ಒಣಗಲೆಂದು ಮಾಳಿಗೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಳು. ಕಣ್ಣಲ್ಲಿ ನೀರು ಬಂದರೂ ಏಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಭಾನುವಾರ ಬೆಳಿಗ್ಗೆ ಅವಳ ಹಣೆ, ಎರಡೂ ಕೆನ್ನೆ, ಗಲ್ಲದ ತುಂಬ ಕೆಂಪು ಗುಳ್ಳೆಗಳು ಎದ್ದಿದ್ದವು. ಕೆಲವು ನೀರು ತುಂಬಿಕೊಂಡಿದ್ದವು. ಮೊದಲು ನೋಡಿದ್ದು ಅಜ್ಜಿ. ಬೈಯಲಿಲ್ಲ, ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದಳು.

"ಅಮ್ಮ ಬಂದಾಳೆ" ಎಂದಳು.

ಅಮ್ಮ ಎಂದರೆ ಸಿಡುಬು. ಅಮ್ಮ ಬಂದ ಮೈ ದೇವಿಯ ಮೈ. ಅವಳನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಅವಳ ಮಾತು ಮೀರುವಂತಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಯಾರಿಗೂ ಯಾವ ಔಷಧಿಯನ್ನೂ ಕೊಡುವಂತಿಲ್ಲ. ಔಷಧಿ ಕೊಟ್ಟರೆ ಅಮ್ಮ ಮುನಿಯುತ್ತಾಳೆ. ಅಜ್ಜಿ ಹಾಗೆ ಕೊಟ್ಟೇ ಒಬ್ಬ ಮಗನನ್ನು ಕಳೆದುಕೊಂಡೆನೆಂದು ನಂಬಿದವಳು. ಅವಳೊಡನೆ ಈ ವಿಷಯದಲ್ಲಿ ವಾದ ಮಾಡುವ ಧೈರ್ಯ ಮೈಲಪ್ಪನಿಗೂ ಇರಲಿಲ್ಲ.

ಹೇಳಿಬಿಡಬೇಕೆಂದು ನಾಗರತ್ನ ಬಾಯಿ ತೆರೆದಳು. ರಾತ್ರಿಯೆಲ್ಲ ಕೂಸಿನ ಜೊತೆ ಎಚ್ಚರವಿದ್ದು ಕೆಂಪಾಗಿದ್ದ ಅತ್ತಿಗೆಯ ಕಣ್ಣು ನೋಡಿ ಮುಚ್ಚಿದಳು. ಇವತ್ತು ಬೈಸಿಕೊಂಡರೂ ಈ ಮುಖ ಹೊತ್ತು ಅವರ ಮುಂದೆ ಕೂರುವುದು ಹೇಗೆ ಎಂದು ಅವಳಿಗೆ ತೋಚಲಿಲ್ಲ. ಅಷ್ಟರಲ್ಲಿ ಮೈಲಪ್ಪ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ. ಅಜ್ಜಿ ಒಳಗಿನ ಕೋಣೆಯಲ್ಲಿ ಬೇವು ಹಾಸಿ ಮೊಮ್ಮಗಳನ್ನು ಕೂರಿಸಿದಳು. ಆಮೇಲೆ ಗೂಡಿನಲ್ಲಿದ್ದ ಕೂಸಿನ ಔಷಧಿಯ ಬಾಟಲಿಯನ್ನು ಎತ್ತಿ, ಹಿತ್ತಲಿನ ಗೋಡೆಯ ಮೇಲೆ ಇಟ್ಟು ಬಂದಳು.

"ಅಜ್ಜಿ, ಮಗಿಗೆ ಜ್ವರ ಐತಲ್ಲ" ಎಂದಳು ಹೊನ್ನಕ್ಕ.

"ಜ್ವರ ಕೊಟ್ಟೋಳೂ ಅವಳೇ, ತೆಗೆಯೋಳೂ ಅವಳೇ. ಔಷಧಿ ಮಾತ್ರ ಬ್ಯಾಡ."

ಹೊನ್ನಕ್ಕ ಬಾಟಲಿಯ ಕಡೆ ನೋಡಿದಳು, ಬೇವಿನ ಕಡೆ ನೋಡಿದಳು. ಕೊಟ್ಟರೆ ಅಮ್ಮನ ಭಯ, ಬಿಟ್ಟರೆ ಜ್ವರದ ಭಯ. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾದಿನಿಯ ಕಣ್ಣಿಗೆ ಬೀಳದಂತೆ ಅಡಿಗೆಮನೆಯ ಮೂಲೆಗೆ ಹೋಗಿ ಕೂತಳು. ದಿನವೂ ತನ್ನ ಸೊಂಟದ ಮೇಲೆ ಬೆಳೆದ ಕೂಸನ್ನು ಅತ್ತಿಗೆ ತನ್ನಿಂದಲೇ ಮರೆಮಾಡುತ್ತಿರುವುದನ್ನು ನಾಗರತ್ನ ನೋಡಿದಳು.

ಹರಿಹರಕ್ಕೆ ಸುದ್ದಿ ಮುಟ್ಟಿಸಲು ಹೊತ್ತೇ ಇರಲಿಲ್ಲ. ಜಟಕಾ ಬಂದು ನಿಂತೇಬಿಟ್ಟಿತು. ಹುಡುಗನ ತಾಯಿ ಅಂಜಿನವ್ವ ಇಳಿದು, ಬಾಗಿಲ ಬೇವು ಕಂಡು ಅಲ್ಲೇ ನಿಂತಳು. ಹನುಮಂತಪ್ಪ ಜಟಕಾದ ಪಕ್ಕದಲ್ಲಿ ನಿಂತ. ಮೈಲಪ್ಪ ಹೊರಗೆ ಹೋಗಿ ತಲೆ ತಗ್ಗಿಸಿ ವಿಷಯ ಹೇಳಿದ. ಮೂರನೆಯವರೂ ಹೋದರು ಎಂದುಕೊಂಡು ನಾಗರತ್ನ ಕೋಣೆಯಲ್ಲಿ ಕಣ್ಣು ಮುಚ್ಚಿದಳು.

ಆದರೆ ಅಂಜಿನವ್ವ ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ನಿಂತು ಒಳಗಿನ ಕೋಣೆಯ ಕಡೆ ಕೈ ಮುಗಿದಳು.

"ನನ್ನವ್ವ ಬಂದ ಮನೆ ಇದು. ಇಲ್ಲಿ ಬಣ್ಣಗಿಣ್ಣ ನೋಡೋಕೆ ನಾನ್ಯಾರು? ಕಪ್ಪು ಅಂತ ಯಾರ‍್ಯಾರೋ ಕಿವಿ ಊದಿದ್ರು. ನೋಡಿ ಬೇಡ ಅನ್ನೋಣ ಅಂತಾನೇ ಬಂದಿದ್ದೆ, ಸುಳ್ಳು ಯಾಕ ಹೇಳಲಿ. ಈಗ ಅವಳೇ ಆ ಹುಡುಗಿ ಮೈ ಮುಟ್ಯಾಳೆ. ಅಮ್ಮ ಮುಟ್ಟಿದ ಹೆಣ್ಣನ್ನ ಬ್ಯಾಡ ಅನ್ನೋ ಧೈರ್ಯ ನನಗಿಲ್ಲ. ಕಲೆ ಉಳಿದ್ರೂ ಉಳೀಲಿ. ಅಮ್ಮ ತಣ್ಣಗಾಗಿ ಹುಡುಗಿಗೆ ನೀರು ಹಾಕಿದ ಮ್ಯಾಲೆ ಬರ್ತೀವ್ರಿ, ವೀಳ್ಯೆ ಬದಲಾಯಿಸೋಣ."

ಒಳಗೆ ನಾಗರತ್ನ ಕಣ್ಣು ತೆರೆದಳು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಅವನು ಸಿಗುತ್ತಾನೆ. ಇಷ್ಟು ವಾರ ಮಣ್ಣು ಮೆತ್ತಿಕೊಂಡು ಕೂತದ್ದೂ ಹಾಗೇ ತಾನೇ, ಬಾಯಿ ಮುಚ್ಚಿಕೊಂಡು. ಸ್ವಲ್ಪ ದಿನ ಬೇವಿನ ಮೇಲೆ ಮಲಗಿದರೆ ಗುಳ್ಳೆ ತಾವೇ ಒಣಗುತ್ತವೆ. ಯಾರಿಗೆ ಗೊತ್ತಾಗುತ್ತದೆ? ಅವಳಿಗೆ ಸಂತೋಷವಾಯಿತು. ಆ ಸಂತೋಷ ಎಷ್ಟು ಜೋರಾಗಿತ್ತೆಂದರೆ ಅವಳು ಬೇವಿನ ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು.

ಅದೇ ಹೊತ್ತಿಗೆ ಅಡಿಗೆಮನೆಯಿಂದ ಹೊನ್ನಕ್ಕ ಕೂಸನ್ನು ಎತ್ತಿಕೊಂಡು ಓಡಿ ಬಂದಳು. ಸುಂಕಿಯ ಕಣ್ಣುಗಳು ಮೇಲಕ್ಕೆ ಹೊರಳಿದ್ದವು, ಮೈ ಕೆಂಡದ ಹಾಗೆ ಸುಡುತ್ತಿತ್ತು, ಪುಟ್ಟ ಕೈಗಳು ಸೆಟೆದು ಅದುರುತ್ತಿದ್ದವು. ಅಜ್ಜಿ ಒಂದು ತಂಬಿಗೆ ತಣ್ಣೀರು ತಂದು ಕೂಸಿನ ನೆತ್ತಿಗೆ ತಟ್ಟಿದಳು. ಅದುರು ನಿಂತಿತು. ಕೂಸು ಅಳಲೂ ಶಕ್ತಿಯಿಲ್ಲದೆ ಮುಲುಕಿತು. ಮೈಲಪ್ಪ ಹೊಸ್ತಿಲಲ್ಲಿ ಕಂಬದಂತೆ ನಿಂತಿದ್ದ.

"ಔಷಧಿ ಕೊಡ್ತೀನಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಹೊನ್ನಕ್ಕ.

"ನನ್ನ ಕಾಲಿಗ್ಯಾಕ ಬೀಳ್ತಿ? ಅವಳನ್ನ ಕೇಳು" ಎಂದಳು ಅಜ್ಜಿ.

ಹೊನ್ನಕ್ಕ ತಿರುಗಿದಳು. ಮೂಗು ಹಿಡಿದು ಮಣ್ಣು ಹಚ್ಚಿದವಳು, ಜಡೆ ಹಿಡಿದು ಬೈದವಳು, ಮೂರು ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡವಳು. ಅವಳು ಬಂದು ನಾಗರತ್ನಳ ಪಾದದ ಮೇಲೆ ಹಣೆಯಿಟ್ಟಳು.

"ತಾಯೀ, ತಪ್ಪಾಗಿದ್ರೆ ನನ್ನನ್ನ ತಗೋ. ನನ್ನ ಕೂಸನ್ನ ಬಿಟ್ಟುಕೊಡು, ತಾಯೀ."

ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ ಎನ್ನುತ್ತಾರೆ. ನಾಗರತ್ನ ಬಾಗಿಲಾಚೆ ನೋಡಿದಳು. ಅಂಜಿನವ್ವನ ಕೈ ಇನ್ನೂ ಮುಗಿದೇ ಇತ್ತು. ಅವಳ ಹಿಂದೆ ಅವನಿದ್ದ, ಕುತ್ತಿಗೆ ಉದ್ದ ಮಾಡಿ ಕೂಸನ್ನೇ ನೋಡುತ್ತಿದ್ದ. ಪಾಪ ಎನ್ನುವಂಥ ಮುಖ. ಅವಳಿಗೆ ಬೇಕಾಗಿದ್ದ ಮುಖ. ಔಷಧಿ ಕೊಡು ಎಂದು ಅಮ್ಮನಾಗಿಯೇ ಅಪ್ಪಣೆ ಕೊಡಬಹುದಿತ್ತು, ಕೂಸೂ ಉಳಿಯುತ್ತಿತ್ತು, ಗಂಡೂ ಸಿಗುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಪಾದದ ಮೇಲಿದ್ದ ಅತ್ತಿಗೆಯ ಹಣೆ ಒದ್ದೆಯಾಗಿ ಬಿಸಿಯಾಗಿತ್ತು. ಅದನ್ನು ಇನ್ನೊಂದು ಗಳಿಗೆ ಅಲ್ಲಿ ಇರಗೊಡುವುದು ಅವಳಿಂದ ಆಗಲಿಲ್ಲ.

"ಏಳು ಅತ್ತಿಗೆ" ಎಂದು ಕಿರುಚಿದಳು. "ನಾನು ಅಮ್ಮ ಅಲ್ಲ, ನಾಗಿ. ನೀನು ಬ್ಯಾಡ ಅಂದ್ರೂ ನಿನ್ನೆ ನಿಂಬೆಹಣ್ಣು ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದೆ. ಸುಟ್ಟೈತೆ. ಅಷ್ಟೇ. ಎಲ್ಲಿ ಹಚ್ಚಿದ್ನೋ ಅಲ್ಲೇ ಎದ್ದಾವೆ, ಕುತ್ತಿಗೆ ನೋಡು, ಒಂದೂ ಇಲ್ಲ. ಮೊದಲು ಔಷಧಿ ಕೊಡು!"

ಅಜ್ಜಿಯೇ, ಎಪ್ಪತ್ತರ ಅಜ್ಜಿಯೇ, ಹಿತ್ತಲಿಗೆ ಓಡಿದಳು. ಬಾಟಲಿ ತಂದಳು. ಹೊನ್ನಕ್ಕ ಕೂಸಿನ ಬಾಯಿಗೆ ಹಾಕಿದಳು. ಅರ್ಧ ಹೊರಗೆ ಚೆಲ್ಲಿತು, ಅರ್ಧ ಒಳಗೆ ಹೋಯಿತು.

ಹೊಸ್ತಿಲಾಚೆ ಅಂಜಿನವ್ವನ ಕೈಗಳು ಮೆಲ್ಲಗೆ ಕೆಳಗಿಳಿದವು. ಈಗ ಅವಳು ನಾಗರತ್ನಳನ್ನು ನೋಡಿದಳು. ಮೊದಲಿನವರು ನೋಡಿದ್ದ ಹಾಗೆಯೇ, ಹಣೆಯಿಂದ ಪಾದದವರೆಗೆ.

"ಅಮ್ಮನ ಹೆಸರಲ್ಲಿ ನನ್ನ ಕೈ ಮುಗಿಸಿಕೊಂಡು ಒಳಗೆ ಕೂತಿದ್ದೇನು? ಬಣ್ಣಕ್ಕೆ ಇಷ್ಟು ಆಟ ಆಡೋಳು ನಮ್ಮನೆಗೆ ಬ್ಯಾಡ" ಎಂದಳು.

ಹನುಮಂತಪ್ಪ, "ಅವ್ವಾ, ಮಗು..." ಎಂದು ಏನೋ ಹೇಳಹೋದ. ತಾಯಿ ಅವನ ತೋಳು ಹಿಡಿದಳು. ಅವನು ಒಮ್ಮೆ ತಿರುಗಿ ನೋಡಿದ. ನಂತರ ಹತ್ತಿ ಕೂತ. ಅವನು ಅಷ್ಟೇ ಗಂಡಸಾಗಿದ್ದ. ಜಟಕಾ ಓಣಿಯ ತಿರುವಿನಲ್ಲಿ ಕಾಣದಾಯಿತು.

ಮೈಲಪ್ಪ ತಂಗಿಯ ಮುಖ ನೋಡದೆ ಆಸ್ಪತ್ರೆಗೆ ಹೋಗಲು ಗಾಡಿ ಹುಡುಕಲು ಹೊರಟ. ಅಜ್ಜಿ ಗೋಡೆಗೆ ಒರಗಿ, "ನಿಂಬೆಹಣ್ಣಂತೆ, ನಿಂಬೆಹಣ್ಣು" ಎಂದು ಹಣೆ ಬಡಿದುಕೊಂಡಳು. ಹೊನ್ನಕ್ಕ ಈಗ ಬಡಿಯುತ್ತಾಳೆ, ಬಡಿಯಲಿ ಎಂದು ನಾಗರತ್ನ ಮುಖ ಒಡ್ಡಿ ನಿಂತಳು.

ಹೊನ್ನಕ್ಕ ಎದ್ದು ಬಂದಳು. ಬೆಳಗಿನಿಂದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಕೂಸನ್ನು ತೆಗೆದು ನಾದಿನಿಯ ಕೈಗಿಟ್ಟಳು.

"ಹಿಡ್ಕೊಳ್ಳೇ. ಸೀರೆ ಬದಲಾಯಿಸಿ ಬರ್ತೀನಿ, ಆಸ್ಪತ್ರೆಗೆ ಮೂವರೂ ಹೋಗೋಣ. ನಿನ್ನ ಮುಖಾನೂ ತೋರಿಸೋಣ."

ಸುಂಕಿ ತೂಕವೇ ಇಲ್ಲದಂತೆ ತೋಳಿನಲ್ಲಿ ಮಲಗಿತು. ಕೂಸನ್ನು ಎದೆಗೆ ಒತ್ತಿಕೊಂಡ ಮೇಲೆ ನಾಗರತ್ನಳಿಗೆ ತಡೆಯಲಾಗಲಿಲ್ಲ. "ಅವನು ನನಗೆ ಬೇಕಿತ್ತು ಅತ್ತಿಗೆ" ಎಂದು ಜೋರಾಗಿ ಅತ್ತಳು. ಕಣ್ಣೀರು ಗುಳ್ಳೆಗಳ ಮೇಲೆ ಹರಿದು ಉರಿಯಿತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಕೂಸಿತ್ತು.