ಕಾಲು ಬಿಸಿಯೇರುವಷ್ಟು ಹೊತ್ತು

"ಸಾಕು, ತೆಗಿ. ಡಾಕ್ಟ್ರು ಪಕ್ಕದ ಲಾಯಕ್ಕೆ ಬಂದಾಯ್ತು," ಎಂದ ಟ್ರೇನರ್.

ಅವಳು ಹೆಣ್ಣುಕುದುರೆಯ ಬಲ ಮುಂಗಾಲನ್ನು ಐಸಿನ ಬಕೆಟ್ಟಿನಿಂದ ಮೆಲ್ಲಗೆ ಎತ್ತಿ ಹುಲ್ಲಿನ ಮೇಲೆ ಊರಿಸಿದಳು. ಟವೆಲ್ಲಿನಿಂದ ಒತ್ತಿ ಒರೆಸಿ, ರೋಮ ಒದ್ದೆಯೆಂದು ಗೊತ್ತಾಗದಂತೆ ಬ್ರಷ್ಷಿನಿಂದ ಕೂರಿಸಿದಳು. ಅರ್ಧ ಗಂಟೆ ಐಸಿನಲ್ಲಿದ್ದ ಅವಳ ಕೈಗಳು ಕೆಂಪಾಗಿ ಮರಗಟ್ಟಿದ್ದವು.

ಆ ಲಾಯದಲ್ಲಿ ಹತ್ತೊಂಬತ್ತು ವರ್ಷದಿಂದ ಕುದುರೆಗಳ ಕಾಲು ನೋಡಿಕೊಳ್ಳುತ್ತಿದ್ದವಳು ಅವಳು. ಬೆಳಿಗ್ಗೆ ಪಟ್ಟಿ ಬಿಚ್ಚಿ, ಕೈಯ ಹಿಂಬದಿಯನ್ನು ಒಂದು ಕಾಲಿಗೆ, ಆಮೇಲೆ ಇನ್ನೊಂದಕ್ಕೆ ತಾಗಿಸಿ ನೋಡುವುದು ದಿನದ ಮೊದಲ ಕೆಲಸ. ಇವತ್ತು ಬಲಗಾಲಿನ ಹಿಂಬದಿಯ ನರ ಕಾದ ಪಾತ್ರೆಯ ಹಾಗೆ ಸುಡುತ್ತಿತ್ತು. ಓಡಿಹೋಗಿ ಟ್ರೇನರಿಗೆ ಹೇಳಿದ್ದಳು. ಅವನು ಚಹಾದ ಲೋಟದಿಂದ ತಲೆ ಎತ್ತಿರಲಿಲ್ಲ. "ಐಸಲ್ಲಿಡು. ಬಾಯಿ ಮಾತ್ರ ಬಿಡ್ಬೇಡ. ಕುದುರೆ ನಿಂತ್ರೆ ನಿನ್ನ ಮಗಳೂ ನಿಂತ್ಲು, ನೆನಪಿರ್ಲಿ."

ಈ ಕುದುರೆಯ ಜಾಕಿ ಅವಳ ಮಗಳೇ. ಎರಡು ವರ್ಷ ಯಾರಿಗೂ ಬೇಡವಾದ ಕುದುರೆಗಳನ್ನೇ ಏರಿದ ಹುಡುಗಿಗೆ ಇದು ಮೊದಲ ದೊಡ್ಡ ಓಟ. ಅವಳ ಹತ್ತಿರವೂ ಹೇಳಿದ್ದಾಗಿತ್ತು. "ಅಮ್ಮಾ, ನಾನು ಸೈಕಲ್ ಕಲಿಯುವಾಗ್ಲೂ ನೀನು ಹೀಗೇ ಅಳ್ತಿದ್ದೆ. ನಿನ್ನ ಹೆದರಿಕೆ ನೋಡಿ ಕುದುರೆಗೇ ಜ್ವರ ಬಂದಿದೆ ಅಷ್ಟೆ," ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿ, "ಇದನ್ನ ನನ್ನಿಂದ ಕಿತ್ಕೋಬೇಡ," ಎಂದಿದ್ದಳು.

ಓಟಕ್ಕೆ ಮುಂಚೆ ಪ್ರತಿ ಕುದುರೆಯ ಕಾಲು ಪರೀಕ್ಷಿಸುವ ಡಾಕ್ಟರಿಗೆ ನೇರವಾಗಿ ಹೇಳಿಬಿಡಬಹುದು. ಆದರೆ ಲಾಯದ ಗುಟ್ಟು ಹೊರಹಾಕಿದವಳ ಮಗಳನ್ನು ಇನ್ನು ಯಾರೂ ಕುದುರೆ ಹತ್ತಿಸುವುದಿಲ್ಲ. ಹೇಳದಿದ್ದರೆ ಒಂದು ಗಂಟೆಯಲ್ಲಿ ಮಗಳು ಈ ಕಾಲನ್ನೇ ನಂಬಿ ಹೊರಡುತ್ತಾಳೆ, ಹಿಂದೆ ಹದಿಮೂರು ಕುದುರೆಗಳು ನುಗ್ಗಿಬರುತ್ತವೆ. ನೆಲಕ್ಕೆ ಬಿದ್ದವರ ಮೇಲೆ ಹದಿಮೂರು ಕುದುರೆ ಹಾದುಹೋಗಲು ಎಷ್ಟು ಹೊತ್ತು ಬೇಕೆಂದು ಬೆಳಿಗ್ಗೆಯಿಂದ ಅವಳ ತಲೆ ಲೆಕ್ಕ ಹಾಕುತ್ತಲೇ ಇತ್ತು.

ಐಸಿನ ತಂಪು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಆಮೇಲೆ ಬಿಸಿ ಮರಳಿ ಏರುತ್ತದೆ. ಡಾಕ್ಟರಿಗೆ ಕಾಲು ಮುಟ್ಟಿ ಸಹಿ ಹಾಕಲು ಎರಡೇ ನಿಮಿಷ ಸಾಕು.

ಡಾಕ್ಟರ್ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಒಳಗೆ ಬಂದರು. ಮೂಲೆಯಲ್ಲಿ ಲಾಳ ಹೊಡೆಯುವ ಮುದುಕ ತನ್ನ ಉಪಕರಣಗಳನ್ನು ಒರೆಸುತ್ತ ಕುಳಿತಿದ್ದ. ಡಾಕ್ಟರ್ ಪ್ಯಾಂಟು ಮೇಲೆಳೆದುಕೊಂಡು ಬಗ್ಗುವಷ್ಟರಲ್ಲಿ ಅವಳ ಬಾಯಿಂದ ಮಾತು ಬಂದುಬಿಟ್ಟಿತು.

"ಡಾಕ್ಟ್ರೇ, ಒಂದು ಕೇಳ್ತೀನಿ, ಬೈಬೇಡಿ. ಇದುವರೆಗೆ ಓಡಿದ ಕುದುರೆಗಳಲ್ಲೆಲ್ಲ ಯಾವುದು ದೊಡ್ಡದು? ನಿಮ್ಮ ಮಹಾರಾಣಿ ಏನು ಮಹಾ ಅಂತ ಈ ಲಾಳದ ಅಣ್ಣ ಹೇಳ್ತಿದ್ರು."

ಮುದುಕ ಕಣ್ಣು ಪಿಳುಕಿಸಿದ. ಅವನು ಬೆಳಿಗ್ಗೆಯಿಂದ ಬಾಯಿಯನ್ನೇ ತೆರೆದಿರಲಿಲ್ಲ. ಆದರೆ ಈ ವಿಷಯದಲ್ಲಿ ಡಾಕ್ಟರಿಗೂ ಅವನಿಗೂ ಇರುವ ಜಗಳ ಎಲ್ಲ ಲಾಯಗಳಿಗೂ ಗೊತ್ತು.

"ಹಾಗಂದ್ಯಾ?" ಡಾಕ್ಟರ್ ನೆಟ್ಟಗೆ ನಿಂತು ಮುದುಕನ ಕಡೆ ತಿರುಗಿದರು. "ಹದಿನೆಂಟು ಓಟ, ಹದಿನೆಂಟು ಗೆಲುವು! ಇನ್ನೇನು ಹಾರ್ಬೇಕಿತ್ತಾ ಅದು?"

"ಯಾರ ಜೊತೆ ಓಡಿತ್ತು, ಅದು ಹೇಳಿ," ಎಂದ ಮುದುಕ. "ನಾಲ್ಕು ಕತ್ತೆಗಳ ಜೊತೆ. ನಮ್ಮ ಬೂದಿ ಕುದುರೆ ಮುಂದೆ ನಿಲ್ಲಿಸಿದ್ರೆ ಗೊತ್ತಾಗ್ತಿತ್ತು."

"ಬೂದಿ ಸೋತಿದ್ದೇ ಇಪ್ಪತ್ತು ಸಲ!"

"ಸೋತ್ರೂ ಹತ್ತು ವರ್ಷ ನಾಲ್ಕೂ ಕಾಲಲ್ಲಿ ನಡ್ಕೊಂಡೇ ಮನೆಗೆ ಬಂತು. ನಿಮ್ಮ ಮಹಾರಾಣಿ ಮೂರನೇ ವರ್ಷಕ್ಕೆ ಕುಂಟ್ತಿತ್ತು."

ಗೋಡೆಯ ಗಡಿಯಾರದ ಕಡೆ ನೋಡಬಾರದೆಂದು ಅವಳು ಪಟ್ಟಿಗಳನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಎಂಟು ನಿಮಿಷ ಆಗಿರಬೇಕು. ಮಾತು ತಣ್ಣಗಾದಾಗಲೆಲ್ಲ ಒಂದು ಪ್ರಶ್ನೆ ಎಸೆಯುತ್ತಿದ್ದಳು. ಕೆಸರಿನಲ್ಲಿ ಯಾವುದು ಮೇಲು? ಮರಿಯಾಗಿದ್ದಾಗಲೇ ಗೊತ್ತಾಗಿತ್ತಾ?

"ಡಾಕ್ಟ್ರೇ, ಟೈಮಾಯ್ತು," ಎಂದ ಟ್ರೇನರ್, ಮೂರನೇ ಸಲ.

"ನೀವೂ ಹೇಳಿ ಸಾರ್," ಎಂದಳು ಅವಳು. "ನಿಮ್ಮ ಕಣ್ಣಿಗೆ ಯಾವುದು?"

ಅವನು ಹಲ್ಲು ಕಚ್ಚಿದ. ಆದರೆ ಡಾಕ್ಟರ್ ಅವನ ಮುಖವನ್ನೇ ನೋಡುತ್ತಿದ್ದರು, ಸುಮ್ಮನಿರಲಾಗಲಿಲ್ಲ. "ಅದರಲ್ಲಿ ಕೇಳೋದೇನಿದೆ? ಸಿಡಿಲು. ಕೊನೇ ಇನ್ನೂರು ಮೀಟರು ಮುರಿದ ಕಾಲಲ್ಲಿ ಓಡಿ ಗೆದ್ದಿತ್ತು. ಅದಕ್ಕೆ ಎದೆ ಅಂತಾರೆ."

ಮುದುಕನೂ ಅದಕ್ಕೆ ಎದುರಾಡಲಿಲ್ಲ. ಗೆರೆ ದಾಟಿ ಹತ್ತು ಹೆಜ್ಜೆಗೆ ಆ ಕುದುರೆ ಕುಸಿದದ್ದನ್ನು ಮೂವರೂ ಕಣ್ಣಾರೆ ಕಂಡಿದ್ದರು.

"ಅದರ ಮೇಲೆ ಯಾರಿದ್ರು?" ಎಂದಳು. ಈ ಪ್ರಶ್ನೆಯನ್ನು ಅವಳು ಹೊತ್ತು ಕಳೆಯಲು ಕೇಳಿರಲಿಲ್ಲ.

"ಯಾರೋ ಇದ್ದ," ಎಂದ ಟ್ರೇನರ್. "ಕುಳ್ಳ..."

"ಎಡಗೈಯವನು," ಎಂದರು ಡಾಕ್ಟರ್. "ಹೆಸರು ನಾಲಿಗೆ ತುದೀಲಿದೆ." ಮುದುಕ ತಲೆ ಕೆರೆದುಕೊಂಡ. ಹೆಸರು ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಅವಳ ಕಣ್ಣು ತಪ್ಪಿ ಗಡಿಯಾರಕ್ಕೆ ಹೋಯಿತು. ಇಪ್ಪತ್ತಾರು ನಿಮಿಷ. ತಿರುಗಿದರೆ ಟ್ರೇನರ್ ಅವಳನ್ನೇ ದಿಟ್ಟಿಸುತ್ತಿದ್ದ. ಅವನ ನೋಟ ಗಡಿಯಾರಕ್ಕೆ ಹೋಗಿ, ಕುದುರೆಯ ಕಾಲಿಗೆ ಇಳಿದು, ಮತ್ತೆ ಅವಳ ಮುಖಕ್ಕೆ ಬಂತು.

"ಹರಟೆ ಸಾಕು, ಸಹಿ ಹಾಕಿ ಡಾಕ್ಟ್ರೇ," ಎಂದ ಟ್ರೇನರ್, ಪೆನ್ನು ಮುಂದೆ ಮಾಡಿ.

"ಮುಟ್ಟದೆ ಹಾಕಿದ್ದು ಯಾವತ್ತಾದ್ರೂ ಉಂಟಾ?" ಡಾಕ್ಟರ್ ಬಗ್ಗಿದರು. ಅವರ ಕೈ ಎಡಗಾಲಿನ ಮೇಲಿಂದ ಇಳಿಯಿತು. ಬಲಗಾಲಿನ ಮೇಲಿಂದ ಇಳಿಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ ಹೋಯಿತು, ಅಲ್ಲೇ ನಿಂತಿತು. ಹೆಬ್ಬೆರಳು ಒತ್ತಿದಾಗ ಕುದುರೆ ಕಾಲನ್ನು ಥಟ್ಟನೆ ಎಳೆದುಕೊಂಡಿತು.

"ಬೆಳಿಗ್ಗೆ ಈ ಕಾಲು ನೋಡಿದ್ದು ಯಾರು?"

"ಇವಳೇ," ಎಂದ ಟ್ರೇನರ್.

ಬಾಗಿಲಲ್ಲಿ ನೆರಳು ಬಿತ್ತು. ಹಳದಿ ರೇಷ್ಮೆಯ ಅಂಗಿ ತೊಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೇ ಮಗಳು ಬಂದು ನಿಂತಿದ್ದಳು.

ಡಾಕ್ಟರ್ ತಾಯಿಯ ಕಡೆ ತಿರುಗಿದರು. ಅವರು ಕುದುರೆಯ ಕಾಲಿನ ವಿಷಯದಲ್ಲಿ ಅವಳ ಕೈಯನ್ನು ತಮ್ಮ ಕೈಗಿಂತ ಹೆಚ್ಚು ನಂಬುತ್ತಿದ್ದರು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಇದ್ದರು. "ನಿನಗೆ ಏನೂ ಗೊತ್ತಾಗಲಿಲ್ವೇನಮ್ಮ?"

ಮುದುಕ ಐಸಿನ ಬಕೆಟ್ಟನ್ನು ಕಾಲಿನಿಂದ ತನ್ನ ಪೆಟ್ಟಿಗೆಯ ಹಿಂದಕ್ಕೆ ಸರಿಸಿದ.

"ಇಲ್ಲ ಡಾಕ್ಟ್ರೇ," ಎಂದಳು. "ನನ್ನ ಕೈಗೆ ಗೊತ್ತಾಗಲಿಲ್ಲ."

ಡಾಕ್ಟರ್ ಹಲಗೆಯ ಮೇಲಿನ ಕಾಗದದಲ್ಲಿ ಈ ಕುದುರೆಯ ಹೆಸರಿದ್ದ ಸಾಲಿಗೆ ಉದ್ದಕ್ಕೆ ಗೀಟು ಎಳೆದರು.

ಮಗಳು ಕಾಲನ್ನೂ ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ. ತಾಯಿಯ ಕೆಂಪು ಕೈಗಳನ್ನೇ ನೋಡುತ್ತಿದ್ದಳು. ತಾಯಿ ಅವನ್ನು ಅಂಗಿಯ ತೋಳೊಳಗೆ ಎಳೆದುಕೊಂಡಳು. ಅವು ಇನ್ನೂ ಬೆಚ್ಚಗಾಗಿರಲಿಲ್ಲ. ಗದ್ದದ ಕೆಳಗಿನ ಪಟ್ಟಿ ಬಿಚ್ಚಲು ಮಗಳಿಗೆ ಬಹಳ ಹೊತ್ತು ಹಿಡಿಯಿತು.