ಎಂಟು ಆಳಿನ ಎಂಜಿನ್ನು

ದಾಸಣ್ಣ ಎರಡನೆಯ ಬಿದಿರಿಗೆ ಮಚ್ಚು ಹಾಕುವಷ್ಟರಲ್ಲಿ ಪಾರ್ವತಮ್ಮ ಒಳಗಿನಿಂದ ಬಂದು ಆ ಬಿದಿರಿನ ಮೇಲೆ ಕಾಲಿಟ್ಟು ನಿಂತಳು.

"ಕಡೀಬ್ಯಾಡ್ರಿ. ವಿಮಾನ ಬೇಕಾಗಿಲ್ಲ."

ಎತ್ತಿದ ಮಚ್ಚನ್ನು ದಾಸಣ್ಣ ಹಾಗೆಯೇ ಹಿಡಿದುಕೊಂಡ. ಪಕ್ಕದ ಮನೆಯವನು ಅವನು. ಬೀದಿಯಲ್ಲಿ ಯಾರು ತೀರಿಕೊಂಡರೂ ವಿಮಾನ ಕಟ್ಟುವುದು ಅವನ ಪಾಲಿನ ಕೆಲಸ. ಸತ್ತವರನ್ನು ಮಲಗಿಸಿ ಒಯ್ಯುವ ಜನವಲ್ಲ ಇವರು. ಬಿದಿರಿನ ಮಂಟಪ ಕಟ್ಟಿ, ಬಾಳೆಕಂದು ಸಿಗಿಸಿ, ಅದರೊಳಗೆ ಕೂರಿಸಿ ಹೆಗಲ ಮೇಲೆ ಹೊರುತ್ತಾರೆ. ಮಣ್ಣಿನೊಳಗೂ ಕೂತೇ ಇರಬೇಕು.

"ವಿಮಾನ ಬ್ಯಾಡ ಅಂದ್ರೆ ಹೆಂಗವ್ವ? ಕೈಮೇಲೆ ಎತ್ಕೊಂಡು ಹೋಗಾಣೇನು?"

"ಅಣ್ಣನ ಗಾಡಿ ಐತೆ. ಅದ್ರಾಗೆ ಹೋಗ್ತಾನೆ."

ಜಗಲಿಯ ಮೇಲೆ ಕುಳಿತಿದ್ದವರಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನುಂಗಿಕೊಂಡ ನಗು ಎಂದು ಪಾರ್ವತಮ್ಮನಿಗೆ ತಕ್ಷಣ ತಿಳಿಯಿತು. ಹಿರಿಯೂರಿನ ಪೇಟೆ ಬೀದಿಯಲ್ಲಿ ಆ ಕೆಮ್ಮನ್ನು ವರ್ಷಗಟ್ಟಲೆ ಕೇಳಿ ಅವಳ ಕಿವಿ ಪಳಗಿತ್ತು.

ನಡುಮನೆಯಲ್ಲಿ ಅವಳ ಅಣ್ಣ ಮುರುಗಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ತಲೆ ವಾಲದಂತೆ ಬಿಳಿ ವಸ್ತ್ರವೊಂದನ್ನು ಹಣೆಗೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಬೆಳಗಿನ ಜಾವ ಮಲಗಿದ್ದಲ್ಲಿಯೇ ಉಸಿರು ನಿಂತಿತ್ತು. ಸ್ನಾನ ಮಾಡಿಸಲು ಪಕ್ಕದ ಮನೆಯಿಂದ ಹಂಡೆ ತರಬೇಕಾಯಿತು. ಈ ಮನೆಯ ತಾಮ್ರದ ಹಂಡೆ ಎಂದೋ ಗಾಡಿ ಸೇರಿತ್ತು. ಎಂಜಿನ್ನು ಕಾಯದಂತೆ ನೀರು ತುಂಬಿಡಲು ಮುರುಗಪ್ಪನಿಗೆ ಅದೇ ಬೇಕಾಗಿತ್ತು.

ಬೆಲ್ಲದ ಅಂಗಡಿಯ ಅಂಜನಪ್ಪ ಎದ್ದು ಬಂದ. ಬೀದಿಗೆ ಹಿರಿಯ, ಯಾರ ಮನೆಯ ಜಗಳವಾದರೂ ಅವನ ಅಂಗಡಿಯ ಮುಂದೆ ತೀರ್ಮಾನವಾಗಬೇಕು.

"ನೋಡು ತಂಗ್ಯವ್ವ," ಎಂದ ಮೆಲ್ಲಗೆ. "ಆ ಗಾಡಿ ಹಿಂದಕ್ಕೆ ಹೋಗೋದು ಅಂತ ಸಣ್ಣ ಹುಡುಗ್ರಿಗೂ ಗೊತ್ತು. ರುದ್ರಭೂಮಿಗೆ ಹಿಂದಕ್ಕೆ ಹೋಗೋಕಾಗ್ತದಾ? ಊರೆಲ್ಲ ನಗ್ತೈತೆ. ಸತ್ತೋನ ಮಾನನಾದ್ರೂ ಉಳಿಸಾಣ."

"ಬದುಕಿದ್ದಾಗ ಉಳಿಸಿದ್ರಾ?"

ಅಂಜನಪ್ಪ ರುಮಾಲು ಸರಿಮಾಡಿಕೊಂಡ.

*

ಮಾರಿಕಣಿವೆಯ ಕಟ್ಟೆ ಮುಗಿದು ಕೆಲಸದವರೆಲ್ಲ ಚದುರಿದ ಮೇಲೆ, ಅಲ್ಲಿ ನೀರೆತ್ತುತ್ತಿದ್ದ ಸೀಮೆಎಣ್ಣೆ ಎಂಜಿನ್ನೊಂದು ಹುಲ್ಲಿನಲ್ಲಿ ಬಿದ್ದುಕೊಂಡಿತ್ತು. ಕಂಬಳಿ ವ್ಯಾಪಾರಿ ಮುರುಗಪ್ಪ ಸಂತೆಗೆ ಹೋಗುವಾಗಲೂ ಬರುವಾಗಲೂ ಎತ್ತಿನಗಾಡಿ ನಿಲ್ಲಿಸಿ ಅದನ್ನು ನೋಡುತ್ತಿದ್ದ. ಕೆಲವು ವರ್ಷಗಳಾದ ಮೇಲೆ ಹೊಳಲ್ಕೆರೆಯ ರಸ್ತೆಯಲ್ಲಿ ಒಬ್ಬ ದೊರೆಯ ಮೋಟಾರು ಗಾಡಿ ಕೆಟ್ಟು ನಿಂತಿತು. ಎಂಜಿನ್ನು ಸೀಳಿಹೋಗಿತ್ತು. ದೊರೆ ಅದನ್ನು ಹುಣಿಸೆಮರದ ಕೆಳಗೆ ಬಿಟ್ಟು ತನ್ನ ಸೀಮೆಗೆ ಹೊರಟುಹೋದ. ಇಲ್ಲಿ ಗಾಡಿ ಇದೆ, ಎಂಜಿನ್ನಿಲ್ಲ. ಅಲ್ಲಿ ಎಂಜಿನ್ನಿದೆ, ಗಾಡಿಯಿಲ್ಲ. ಮುರುಗಪ್ಪನ ತಲೆ ಕೆಡಲು ಇಷ್ಟು ಸಾಕಾಯಿತು.

ಮೋಟಾರಿನ ವಿಷಯದಲ್ಲಿ ಅವನಿಗೆ ಏನೆಂದರೆ ಏನೂ ತಿಳಿದಿರಲಿಲ್ಲ. ಒಂದೇ ಒಂದು ಸಲ ಓಡುವ ಮೋಟಾರು ಕಂಡಿದ್ದ, ಅದೂ ಧೂಳಿನಲ್ಲಿ. ಎಂಜಿನ್ನು ಬದಲಾಯಿಸುವುದೆಂದರೆ ಮುದಿ ಎತ್ತು ಬಿಚ್ಚಿ ಬೇರೆ ಎತ್ತು ಕಟ್ಟಿದ ಹಾಗೆ ಎಂದುಕೊಂಡಿದ್ದ. ಹೆಂಡತಿ ಸತ್ತು, ಮಕ್ಕಳಿಲ್ಲದೆ, ಗಂಡ ತೀರಿಕೊಂಡ ತಂಗಿಯೊಬ್ಬಳನ್ನು ಮನೆಯಲ್ಲಿಟ್ಟುಕೊಂಡಿದ್ದವನು; ಸಂಜೆಯ ಹೊತ್ತು ಕಳೆಯಲು ಅವನಿಗೂ ಏನಾದರೂ ಬೇಕಿತ್ತು.

ಜೊತೆಗೆ ಸಿಕ್ಕವನು ಕಮ್ಮಾರ ಜಂಪಣ್ಣ. ಅವನಿಗೆ ನೇಗಿಲ ಗುಳ, ಕುಡುಗೋಲು, ಗಾಡಿಗಾಲಿಯ ಪಟ್ಟೆ ಗೊತ್ತಿತ್ತೇ ಹೊರತು ಮೋಟಾರು ಅವನಿಗೂ ಹೊಸದೇ. ಗಾಡಿಯನ್ನೂ ಎಂಜಿನ್ನನ್ನೂ ಎತ್ತಿನಿಂದ ಎಳೆಸಿ ಮುರುಗಪ್ಪನ ಕೊಟ್ಟಿಗೆಗೆ ತಂದು, ಇಬ್ಬರೂ ಸೇರಿ ಎರಡು ಬೇಸಿಗೆ ಕಳೆದರು. ದೊರೆಯ ಗಾಡಿಯ ಮೂತಿ ಕುಯ್ದರು, ಎಂಜಿನ್ನು ಕೂರಲು ಕಬ್ಬಿಣದ ಹೊಸ ಕಟ್ಟು ಬಡಿದರು, ಅಳತೆ ತಪ್ಪಿತೆಂದು ಮತ್ತೆ ಕುಯ್ದರು. ಟೈರಿನ ಒಳಗಿನ ರಬ್ಬರು ಸವೆದುಹೋಗಿದ್ದಕ್ಕೆ ಮುರುಗಪ್ಪ ಕಂಬಳಿ ಚೂರುಗಳನ್ನು ಗಿಡಿದು ತುಂಬಿದ. ಎಂಜಿನ್ನು ಕೂರಿಸುವ ದಿನ ಬಂದಾಗ ಮಠದ ಅಯ್ಯನವರನ್ನು ಕರೆಸಿ ಮುಹೂರ್ತ ಇಡಿಸಿದ. ಅಂಗಡಿಯ ತಕ್ಕಡಿಯಿಂದ ಹಿಡಿದು ದೇವರ ಗೂಡಿನವರೆಗೆ ಆ ಮನೆಯಲ್ಲಿ ಎಲ್ಲದರ ಮುಖವೂ ಮೂಡಲಕ್ಕೆ. ಎಂಜಿನ್ನಿನ ಮುಖವೂ ಹಾಗೆಯೇ ಇರಲಿ ಎಂದರು ಅಯ್ಯನವರು. ಕಾರ್ಖಾನೆಯ ಹೆಸರು ಬರೆದ ಹಿತ್ತಾಳೆ ತಗಡು ಯಾವ ಕಡೆಗಿದೆಯೋ ಅದೇ ಮುಖವೆಂದು ಇಬ್ಬರೂ ತೀರ್ಮಾನಿಸಿದರು. ಗಾಡಿಯ ಮೂತಿ ಮಾತ್ರ ಕೊಟ್ಟಿಗೆಯ ಬಾಗಿಲಿಗೆ, ಅಂದರೆ ಪಡುವಲಕ್ಕೆ ಇತ್ತು. ತಮಾಷೆ ನೋಡಲು ಬಂದವರಲ್ಲಿ ಎಂಟು ಆಳು ಹಗ್ಗ ಬೊಂಬು ಹಿಡಿದು ಎಂಜಿನ್ನನ್ನು ಎತ್ತಿದರು. ಹಿತ್ತಾಳೆ ತಗಡು ಮೂಡಲಕ್ಕೆ ಬರುವಂತೆ ತಿರುಗಿಸಿ ಇಳಿಸಿದರು. ಕಾಯಿ ಒಡೆದರು, ಮಂಡಕ್ಕಿ ಹಂಚಿದರು.

ಗಾಡಿಯನ್ನು ಎತ್ತಿನಿಂದ ಎಳೆಸಿ ಪೇಟೆ ಬೀದಿಗೆ ತಂದ ದಿನ ಜನ ಜಾತ್ರೆಗೆ ಬಂದಂತೆ ಬಂದಿದ್ದರು. ಎಂಜಿನ್ನು ಹೊತ್ತಿತು. ಮುರುಗಪ್ಪ ಹೊಸ ಪಂಚೆಯುಟ್ಟು, ಹೂವಿನ ಹಾರ ಹಾಕಿಕೊಂಡು, ಮುಂದೆ ನಿಂತವರಿಗೆ "ಸರೀರಿ, ಸರೀರಿ" ಎಂದು ಕೈ ಬೀಸಿ ಗೇರು ಹಾಕಿದ. ಗಾಡಿ ಹಿಂದಕ್ಕೆ ಹೊರಟಿತು. ಹೊರಟಿದ್ದು ಅಂಜನಪ್ಪನ ಅಂಗಡಿಯ ಜಗಲಿ ಹತ್ತಿ, ಬೆಲ್ಲದ ಪಿಂಡಿಗಳ ನಡುವೆ ನಿಂತಿತು. ಮುಂದೆ ನಿಂತು ದಾರಿ ಬಿಟ್ಟಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಂಜಿನ್ನು ತಿರುವುಮುರುವಾಗಿ ಕೂತದ್ದಕ್ಕೆ ಗಾಲಿಯ ಸುತ್ತೂ ತಿರುವುಮುರುವಾಗಿತ್ತು. ಹಿಂದಕ್ಕೆ ಹೋಗುವ ಗೇರಾದರೂ ಸರಿಯಿದ್ದಿದ್ದರೆ ಅದನ್ನೇ ಹಾಕಿ ಮುಂದಕ್ಕೆ ಹೋಗಬಹುದಿತ್ತು. ಅದರ ಹಲ್ಲುಗಳು ದೊರೆಯ ಕಾಲದಲ್ಲಿಯೇ ಉದುರಿದ್ದವು.

"ಮೂಡಲಕ್ಕೆ ತಿರುಗಿಸ್ರಿ ಅಂದೋನು ನೀನು," ಎಂದ ಜಂಪಣ್ಣ, ಬೆಲ್ಲದ ನಡುವೆ ನಿಂತು.

"ಬೋಲ್ಟು ಬಿಗಿದೋನು ನೀನು. ನಿಂಗೆ ಕಣ್ಣಿರಲಿಲ್ವಾ?"

ಎಲ್ಲರೆದುರಿಗೆ ಆಡಿದ ಮಾತು. ಜಂಪಣ್ಣ ಸುತ್ತಿಗೆಯನ್ನು ಹೆಗಲಿಗೇರಿಸಿ ಹೊರಟುಹೋದ. ಆಮೇಲೆ ಅವನು ಆ ಮನೆಯ ಕಡೆ ತಲೆ ಹಾಕಲಿಲ್ಲ.

*

ಮಠದ ಅಯ್ಯನವರು ಬಂದಾಗ ಹೊತ್ತು ನೆತ್ತಿಯಿಂದ ಜಾರಿತ್ತು. ಅಂಜನಪ್ಪ ಎಲ್ಲವನ್ನೂ ಹೇಳಿ, "ನೀವಾದ್ರೂ ಬುದ್ಧಿ ಹೇಳ್ರಿ ಅಯ್ನೋರೆ," ಎಂದ.

ಅಯ್ಯನವರಿಗೆ ವಯಸ್ಸಾಗಿತ್ತು. ಮುರುಗಪ್ಪನ ಎದುರು ಕುಳಿತು ಅವನ ಹಣೆಯನ್ನು ಬಹಳ ಹೊತ್ತು ನೋಡಿದರು.

"ಕೂತು ಹೋಗ್ಬೇಕು ಅನ್ನೋದು ಪದ್ಧತಿ. ಯಾವುದ್ರಾಗೆ ಕೂರ್ಬೇಕು ಅಂತ ಎಲ್ಲೂ ಹೇಳಿಲ್ಲ," ಎಂದರು. ಮುರುಗಪ್ಪನ ಹಣೆಯ ವಿಭೂತಿ ಸರಿಮಾಡುತ್ತಾ, "ಮೂಡಲಕ್ಕೆ ಮುಖ ಇರ್ಲಿ ಅಂತ ಅವತ್ತು ಅಂದೋನು ನಾನೇ ಕಣಪ್ಪ," ಎಂದರು.

"ಆದ್ರೆ ಓಡಿಸೋರು ಯಾರು?" ಎಂದ ದಾಸಣ್ಣ.

ಎಲ್ಲರೂ ಹೊರಗೆ ನೋಡಿದರು. ಬೇಲಿಯ ಆಚೆ, ಒಳಗೂ ಬಾರದೆ ಹಿಂದಕ್ಕೂ ಹೋಗದೆ, ಜಂಪಣ್ಣ ಬೆಳಗಿನಿಂದ ನಿಂತಿದ್ದ. ಪಾರ್ವತಮ್ಮ ಅವನ ಹತ್ತಿರ ಹೋದಳು.

"ಬರ್ರಿ ಜಂಪಣ್ಣ. ಒಂದ್ಸಲ ಅದನ್ನ ಹೊತ್ತಿಸಿಕೊಡ್ರಿ."

"ಅವನು ಕರೀಲಿಲ್ವಲ್ಲ ತಾಯಿ. ಇಷ್ಟು ವರ್ಷ ಕರೀಲಿಲ್ವಲ್ಲ." ಅವನು ಬೇಲಿಯ ಗೂಟ ಹಿಡಿದುಕೊಂಡ. "ಎಂಜಿನ್ನು ತಿರುಗಿಸೋಕೆ ಎಂಟು ಆಳು ಬೇಕು ಅಂತ ಊರೆಲ್ಲ ಕೇಳ್ದ. ನನ್ನ ಕೇಳಲಿಲ್ಲ."

"ನೀವು ಬಂದು ಕೇಳ್ಬೇಕು ಅಂತ ಅವ್ನೂ ಕಾದ. ನೀವೂ ಕಾದ್ರಿ," ಎಂದಳು ಪಾರ್ವತಮ್ಮ. "ಇನ್ನೂ ಕಾಯ್ತೀರಾ?"

ಜಂಪಣ್ಣ ಬೇಲಿ ದಾಟಿದ.

*

ಎಂಟು ಆಳು ಸಿಕ್ಕರೆ ಒಂದು ಬೆಳಗಿನ ಕೆಲಸ ಎಂದು ಮುರುಗಪ್ಪ ಹೇಳುತ್ತಿದ್ದ. ಎಂಜಿನ್ನನ್ನು ಎತ್ತಿ, ಮುಖ ತಿರುಗಿಸಿ ಇಳಿಸಿದರೆ ಮುಗಿಯಿತು, ಗಾಡಿ ಮುಂದಕ್ಕೆ ಹೋಗುತ್ತದೆ. ಕಂಡವರನ್ನೆಲ್ಲ ಕೇಳಿದ. "ಬರ್ತೀವಿ ಮುರುಗಪ್ಪ, ಸುಗ್ಗಿ ಮುಗೀಲಿ" ಎಂದರು. ಸುಗ್ಗಿ ಮುಗಿದ ಮೇಲೆ "ಹಿಂದ್ಗಾಡಿ ಮುರುಗಪ್ಪ ಬಂದ" ಎಂದು ಕೆಮ್ಮಿದರು. ಕೂಲಿಗೆ ಕರೆದಿದ್ದರೆ ಜನ ಸಿಗದೇ ಇರುತ್ತಿರಲಿಲ್ಲ. ಪಾರ್ವತಮ್ಮ ಅದನ್ನೂ ಹೇಳಿ ನೋಡಿದಳು.

"ಕೂಲಿಯೋರು ಎತ್ತಿಕೊಟ್ಟು ಹೋಗ್ತಾರೆ. ಆಮೇಲೆ ಗಾಡಿ ಮುಂದಕ್ಕೆ ಹೋದ್ರೆ ನೋಡೋರ್ಯಾರು?" ಎಂದಿದ್ದ ಅವನು. "ನಕ್ಕೋರೇ ಬಂದು ಎತ್ತಬೇಕು."

ಅಂಥ ಹಟ. ಯಾರೂ ಬರಲಿಲ್ಲ.

ಪ್ರತಿ ಸೋಮವಾರ ಪೂಜೆಯಾದ ಮೇಲೆ ಅವನು ಕೊಟ್ಟಿಗೆಗೆ ಹೋಗಿ ಎಂಜಿನ್ನು ಹೊತ್ತಿಸುತ್ತಿದ್ದ, ತುಕ್ಕು ಹಿಡಿಯಬಾರದೆಂದು. ಪಾರ್ವತಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಗೋಡೆಯಾಚೆಯ ಸದ್ದು ಕೇಳುತ್ತಿದ್ದಳು. ಒಮ್ಮೊಮ್ಮೆ ಗಾಡಿಯನ್ನು ಹಿಂದಕ್ಕೇ ಬಿಟ್ಟುಕೊಂಡು ಹಿತ್ತಲ ದಾರಿಯಲ್ಲಿ ವೇದಾವತಿಯ ದಂಡೆಯವರೆಗೆ ಹೋಗುತ್ತಿದ್ದ. ಅದಕ್ಕೆಂದೇ ಈಗ ಗಾಡಿಯ ಮೂತಿ ಕೊಟ್ಟಿಗೆಯ ಒಳಗೆ, ಬಾಲ ಬಾಗಿಲಿಗೆ. ಎಂಜಿನ್ನಿನ ಮುಖ ಪಡುವಲಕ್ಕೆ ಬಂದಿತ್ತು, ಮುಹೂರ್ತದ ಮಾತು ಅಲ್ಲಿಗೆ ಮುಗಿದಿತ್ತು. ಹೊಳೆಯ ದಂಡೆಯಿಂದ ಮನೆಗೆ ಬರಲು ಮತ್ತೆ ಗಾಡಿ ತಿರುಗಿಸಿಕೊಂಡು ಹಿಂದಕ್ಕೇ ಬರಬೇಕು, ಬಂದ ಮೇಲೆ ಎತ್ತಿನಿಂದ ಎಳೆಸಿ ಮೂತಿ ಒಳಗಾಗುವಂತೆ ಕೊಟ್ಟಿಗೆ ಸೇರಿಸಬೇಕು. ಕುತ್ತಿಗೆ ನೋಯುತ್ತಿತ್ತು, ಪಾರ್ವತಮ್ಮ ಎಣ್ಣೆ ಕಾಯಿಸಿ ಕೊಡುತ್ತಿದ್ದಳು.

ಒಂದು ಸೋಮವಾರ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಬಾರೆ ಪಾರ್ವತಿ. ಒಂದ್ಸಲ ಪಕ್ಕದಾಗೆ ಕುಂತ್ಕ. ಹೊಳೆತಂಕ ಹೋಗಿ ಬರಾಣ."

"ಹಿಂದಕ್ಕೆ ಹೋಗೋ ಗಾಡ್ಯಾಗೆ ಕೂತು ನಾನೂ ನಗಿಸ್ಕೊಳ್ಳಾ? ನಿಂಗೇ ಸಾಕು ಅದು."

ಅವನು "ಹೂಂ" ಎಂದು ಹೋದ. ಮತ್ತೆ ಕರೆಯಲಿಲ್ಲ. ಹೋದ ತಿಂಗಳು ಜ್ವರ ಹಿಡಿದು ಮಲಗಿದಾಗ ಒಂದು ಮಧ್ಯಾಹ್ನ ಸೂರು ನೋಡುತ್ತಾ ಹೇಳಿದ್ದ: "ನಾನು ಹೋದ ದಿನ ಜನ ಬರ್ತಾರಲ್ವೇನೆ? ಎಂಟು ಆಳಿಗೇನೂ ಕಮ್ಮಿ ಆಗಲ್ಲ. ಅವತ್ತು ನನ್ನ ಅದ್ರಾಗೇ ಕೂರಿಸ್ರಿ." ಅವಳು ಅವನ ಬಾಯಿಗೆ ಗಂಜಿಯ ಚಮಚ ಹಿಡಿದು, ಸುಮ್ಮನಿರು ಎಂದು ಗದರಿದ್ದಳು. ಹಾಗೆ ಗದರಿದ್ದು ಈಗ ಅವಳನ್ನು ಕೊಲ್ಲುತ್ತಿತ್ತು.

*

ಕೊಟ್ಟಿಗೆಯ ಬಾಗಿಲು ತೆರೆದಾಗ ಒಳಗೆ ಸೀಮೆಎಣ್ಣೆಯ, ಕಂಬಳಿಯ ವಾಸನೆ ತುಂಬಿತ್ತು. ಜಂಪಣ್ಣ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಬಾಗಿಲಿಗೆ ಬಂದವರಲ್ಲಿ ದಾಸಣ್ಣ ಕೇಳಿದ, "ಈಗ್ಲೇ ಎತ್ತಿ ತಿರುಗಿಸಿಬಿಟ್ರೆ? ಹತ್ತಾರು ಜನ ಇದೀವಲ್ಲ."

ಯಾರೂ ಕೆಮ್ಮಲಿಲ್ಲ.

"ಕಟ್ಟು ಬಿಚ್ಚೋಕೇ ಎರಡು ದಿನ ಬೇಕು ಕಣೋ," ಎಂದ ಜಂಪಣ್ಣ. "ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಹೋಗ್ಲಿ ಬಿಡು, ಹಿಂಗೇ ಹೋಗಾಣ."

ತಲೆ ಕಾದರಷ್ಟೇ ಹೊತ್ತುವ ಎಂಜಿನ್ನು ಅದು; ಅವನು ಅದರ ತಲೆಗೆ ದೀಪ ಹಿಡಿದು ಕಾಯಿಸಿದ, ಚಕ್ರ ತಿರುಗಿಸಿದ. ಎಂಜಿನ್ನು ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಅದೂ ಇಲ್ಲ. ಹೊರಗೆ ನೆರಳು ಉದ್ದವಾಗುತ್ತಿತ್ತು. ಅಂಜನಪ್ಪ ದಾಸಣ್ಣನಿಗೆ ಬಿದಿರಿನ ಕಡೆ ಕಣ್ಣು ಮಾಡಿದ.

"ಇನ್ನೂ ಕಾಯ್ಸ್ರಿ," ಎಂದಳು ಪಾರ್ವತಮ್ಮ ಬಾಗಿಲಿನಿಂದ. "ಅಣ್ಣ ದೀಪ ಹಚ್ಚಿಟ್ಟು ಎಲೆಅಡಿಕೆ ಮೆದ್ದು ಮುಗಿಸ್ತಿದ್ದ. ಉಗಿದು ಬಂದ್ಮೇಲೆ ಚಕ್ರಕ್ಕೆ ಕೈ ಹಾಕ್ತಿದ್ದ. ನಾನು ಪ್ರತಿ ಸೋಮವಾರ ಕೇಳ್ತಿದ್ನಲ್ಲ."

ಜಂಪಣ್ಣ ಕಾದ. ಆಮೇಲೆ ಎರಡು ಕೈಯಿಂದ ಚಕ್ರ ಹಿಡಿದು ತಿರುಗಿಸಿದ. ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ಹೊತ್ತಿತು. ಜಂಪಣ್ಣ ಆ ಸದ್ದಿನ ನಡುವೆ ಮಗುವಿನಂತೆ ಅತ್ತ.

ಮುರುಗಪ್ಪನನ್ನು ಹೊತ್ತು ತಂದು ಮುಂದಿನ ಸೀಟಿನಲ್ಲಿ, ಓಡಿಸುವವನ ಪಕ್ಕದಲ್ಲಿ ಕೂರಿಸಿದರು. ಹಣೆಯ ವಸ್ತ್ರವನ್ನು ಸೀಟಿನ ಬೆನ್ನಿಗೆ ಕಟ್ಟಿದರು. ಎಷ್ಟು ಜನ ಎತ್ತಿದರೆಂದು ಯಾರೂ ಎಣಿಸಲಿಲ್ಲ. ಎಲ್ಲರ ಕೈಯೂ ಅಲ್ಲಿತ್ತು. ಪಾರ್ವತಮ್ಮ ಹಿಂದಿನ ಸೀಟು ಹತ್ತಿ, ಅಣ್ಣನ ಎರಡು ಹೆಗಲನ್ನೂ ಹಿಡಿದು ಕೂತಳು.

"ಬಂದೆ ಕಣಣ್ಣ," ಎಂದಳು ಅವನ ಕಿವಿಯ ಹತ್ತಿರ.

ಜಂಪಣ್ಣ ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ ದಾರಿ ನೋಡುತ್ತಾ ಗೇರು ಹಾಕಿದ. ಗಾಡಿ ಬಾಲ ಮುಂದಾಗಿ ಪೇಟೆ ಬೀದಿಗೆ ಬಂದಿತು. ನಂದಿಕೋಲಿನವರು ಮುಂದೆ ನಡೆದರು. ಉಳಿದವರೆಲ್ಲ ಪದ್ಧತಿಯಂತೆ ಹಿಂದೆ ಬಂದರು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಅವರಿಗೆ ಗೊತ್ತಾಯಿತು. ವಿಮಾನವಾಗಿದ್ದರೆ ಸತ್ತವನ ಬೆನ್ನು ನೋಡಿಕೊಂಡು, ಮಳೆ ಬೆಳೆ ಮಾತಾಡಿಕೊಂಡು ಹೋಗಬಹುದಿತ್ತು. ಈಗ ಗಾಡಿಯ ಮೂತಿ ಅವರ ಕಡೆಗಿತ್ತು. ಮುರುಗಪ್ಪ ಅವರಿಗೆ ಎದುರಾಗಿಯೇ ಕೂತಿದ್ದ. ಹೊಳೆಯ ದಂಡೆಯ ರುದ್ರಭೂಮಿಯವರೆಗೂ ಅವನ ಮುಖ ನೋಡಿಕೊಂಡೇ ನಡೆಯಬೇಕಾಗಿತ್ತು.

ಬಾಗಿಲುಗಳಲ್ಲಿದ್ದವರು ಇಳಿದು ಬಂದು ಸೇರಿಕೊಂಡರು. ಗಾಡಿ ಬೆಲ್ಲದ ಅಂಗಡಿ ದಾಟಿತು. ಎಂಜಿನ್ನಿನ ನಡುಕಕ್ಕೆ ಹಣೆಯ ವಸ್ತ್ರ ಸ್ವಲ್ಪ ಸಡಿಲವಾಗಿ, ಮುರುಗಪ್ಪನ ತಲೆ ಅಷ್ಟಷ್ಟೇ ಮುಂದಕ್ಕೆ ಬಾಗುತ್ತಿತ್ತು, ಏಳುತ್ತಿತ್ತು. ಮದುವೆಮನೆಯ ಬಾಗಿಲಲ್ಲಿ ನಿಂತ ಯಜಮಾನ ಬಂದವರನ್ನೆಲ್ಲ ಬನ್ನಿ, ಬನ್ನಿ ಎನ್ನುವ ಹಾಗೆ. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಅಂಜನಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ತಾನೂ ತಲೆ ಬಾಗಿಸಿ, ಪಕ್ಕದವರಿಗೆ ಕೇಳುವಂತೆ ಎಂದ:

"ಬಂದ್ವಿ ಮುರುಗಪ್ಪ. ಬಂದ್ವಿ ನಡಿ."